ಬೇಳೆ, ಉಳ್ಳಾಗಡ್ಡಿಗೆ ‘ರೇಡಿಯೇಷನ್’ ಕೊಟ್ಟು ಮಾರುತ್ತಾರಾ? ಕಾನೂನು ಏನು ಹೇಳುತ್ತದೆ?

“ಅಂಗಡಿ ಉಳ್ಳಾಗಡ್ಡಿ ಮೊಳಕೆ ಒಡೆಯದಿದ್ದರೆ ಅದಕ್ಕೆ ರೇಡಿಯೇಷನ್ ಕೊಟ್ಟಿದ್ದಾರೆ ಅಂತಲೇ ಅರ್ಥ, ತಿಂದರೆ ಕ್ಯಾನ್ಸರ್ ಗ್ಯಾರಂಟಿ.” “ಬೇಳೆಗೆ ಹುಳ ಹಿಡಿಯದಿದ್ದರೆ ಎಚ್ಚರ, ಅದಕ್ಕೆ ಅಣು ಕಿರಣ ಹಾಯಿಸಿರುತ್ತಾರೆ.” “ನಿಮ್ಮ ಮಕ್ಕಳನ್ನು ಉಳಿಸಿಕೊಳ್ಳಿ, ಹತ್ತು ಗ್ರೂಪಿಗೆ ಕಳಿಸಿ.” ಈ ಧಾಟಿಯ ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಓದುಗರಿಗೆ ಇದು ಬರೀ ಗ್ರೂಪಿನ ಗಾಳಿಮಾತಲ್ಲ. ಇದು ತೊಗರಿಯ ನಾಡು. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಇಲ್ಲಿನ ಮನೆಗಳಲ್ಲಿ ಒಬ್ಬರೇ ಬೆಳೆಯುವವರೂ ಹೌದು, ದಾಸ್ತಾನು ಇಡುವವರೂ ಹೌದು, ಕೊಂಡು ತಿನ್ನುವವರೂ ಹೌದು. ಹಾಗಾಗಿ ಬೇಳೆಯ ಬಗ್ಗೆ ಒಂದು ಸುಳ್ಳು ಹಬ್ಬಿದರೆ ಊಟಕ್ಕೂ ಏಟು, ದರಕ್ಕೂ ಏಟು. ಅದಕ್ಕೇ ಈ ವಿಷಯವನ್ನು ವಿಜ್ಞಾನ ಮತ್ತು ಕಾನೂನು ಎರಡೂ ಕಡೆಯಿಂದ ನೋಡೋಣ.

ಚುಟುಕಾಗಿ ಹೇಳುವುದಾದರೆ

ಆಹಾರಕ್ಕೆ ವಿಕಿರಣ ಕೊಡುವುದು ಭಾರತದಲ್ಲಿ ಕಾನೂನುಬದ್ಧ. ಯಾವ ಆಹಾರಕ್ಕೆ, ಯಾವ ಉದ್ದೇಶಕ್ಕೆ, ಎಷ್ಟು ಪ್ರಮಾಣದಲ್ಲಿ ಎಂಬುದಕ್ಕೆ ಮಿತಿ ಇದೆ. ಹಾಗೆ ಸಂಸ್ಕರಿಸಿದ ಆಹಾರ ವಿಕಿರಣಶೀಲವಾಗುವುದಿಲ್ಲ. ಆದರೆ ಅದನ್ನು ಗುಟ್ಟಾಗಿ ಮಾರುವಂತಿಲ್ಲ. ಪೊಟ್ಟಣದಲ್ಲೇ ಮಾರಬೇಕು, ಪೊಟ್ಟಣದ ಮೇಲೆ ಹೇಳಿ ಮಾರಬೇಕು. ನಮ್ಮ ಊರುಗಳಲ್ಲಿ ಕಾಳಜಿ ಮಾಡಬೇಕಾದ ಸಂಗತಿ ಇರುವುದು ಕಿರಣದಲ್ಲಲ್ಲ, ಈ ‘ಹೇಳಿ ಮಾರಬೇಕು’ ಎಂಬ ಮಾತಿನಲ್ಲಿ.

ವಿಕಿರಣ ಕೊಡುವುದು ಎಂದರೆ ಏನು?

ಸಂಸ್ಕರಣಾ ಘಟಕದಲ್ಲಿ ದಪ್ಪ ಕಾಂಕ್ರೀಟ್ ಗೋಡೆಯ ಒಂದು ಕೋಣೆ ಇರುತ್ತದೆ. ಅದರೊಳಗೆ ಕೋಬಾಲ್ಟ್-60 ಎಂಬ ಮೂಲ. ಕೆಲಸವಿಲ್ಲದಾಗ ಅದು ಆಳವಾದ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ. ಕೆಲಸ ಶುರುವಾದಾಗ ಮೇಲೆ ಬರುತ್ತದೆ. ಆಹಾರ ತುಂಬಿದ ಪೆಟ್ಟಿಗೆಗಳು ಅದರ ಸುತ್ತ ಸಾಗಿ ಹೊರಗೆ ಬರುತ್ತವೆ. ಅಷ್ಟು ಹೊತ್ತು ಗಾಮಾ ಕಿರಣಗಳು ಪೆಟ್ಟಿಗೆಯ ಒಳಗೆ ಹಾದುಹೋಗುತ್ತವೆ. ಕೆಲವು ಘಟಕಗಳಲ್ಲಿ ಕೋಬಾಲ್ಟ್ ಬದಲು ಎಲೆಕ್ಟ್ರಾನ್ ಕಿರಣ ಅಥವಾ ಎಕ್ಸ್-ರೇ ಬಳಸುತ್ತಾರೆ.

ಈ ಕಿರಣಗಳು ಜೀವಕೋಶದ ಡಿಎನ್‌ಎಯನ್ನು ಕತ್ತರಿಸುತ್ತವೆ. ಬೇಳೆಯೊಳಗಿನ ಹುಳದ ಮೊಟ್ಟೆ ಒಡೆದು ಮರಿಯಾಗುವುದಿಲ್ಲ. ಬದುಕುಳಿದ ಹುಳಕ್ಕೆ ಸಂತಾನಶಕ್ತಿ ಹೋಗುತ್ತದೆ. ಉಳ್ಳಾಗಡ್ಡಿಯ ಮೊಳಕೆಯ ಕೋಶಗಳು ವಿಭಜನೆ ನಿಲ್ಲಿಸುತ್ತವೆ. ಮಸಾಲೆಯಲ್ಲಿರುವ ಬ್ಯಾಕ್ಟೀರಿಯಾ, ಬೂಷ್ಟು ಸಾಯುತ್ತವೆ.

ಪ್ರಮಾಣವನ್ನು ‘ಗ್ರೇ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಕಿಲೋ ಆಹಾರ ಒಂದು ಜೂಲ್ ಶಕ್ತಿ ಹೀರಿದರೆ ಒಂದು ಗ್ರೇ. ಸಾವಿರ ಗ್ರೇ ಸೇರಿದರೆ ಒಂದು ಕಿಲೋಗ್ರೇ. ಒಂದು ಕಿಲೋಗ್ರೇ ಎಂದರೆ ಒಂದು ಲೀಟರ್ ನೀರನ್ನು ಸುಮಾರು ಕಾಲು ಡಿಗ್ರಿ ಮಾತ್ರ ಬಿಸಿ ಮಾಡಬಲ್ಲ ಶಕ್ತಿ. ಆಹಾರ ಬೇಯುವುದಿಲ್ಲ, ಬಿಸಿಯೂ ಆಗುವುದಿಲ್ಲ. ಪೊಟ್ಟಣ ಬಿಚ್ಚದೆಯೇ ಕೆಲಸ ಮುಗಿಯುತ್ತದೆ.

ತಿಂದರೆ ನಮಗೂ ವಿಕಿರಣ ತಗಲುತ್ತದೆಯೇ?

ಇಲ್ಲ. ಅಂಗಳದಲ್ಲಿ ತೊಗರಿ ಹರವಿ ಬಿಸಿಲಿಗೆ ಒಣಗಿಸುತ್ತೇವೆ. ರಾತ್ರಿ ಚೀಲಕ್ಕೆ ತುಂಬಿದಾಗ ಆ ಕಾಳು ಬಿಸಿಲನ್ನು ಹೊತ್ತುಕೊಂಡು ಬಂದು ಮನೆಯೊಳಗೆ ಬೆಳಕು ಬೀರುವುದಿಲ್ಲ. ಎದೆಗೆ ಎಕ್ಸ್-ರೇ ತೆಗೆಸಿಕೊಂಡವರನ್ನು ಮುಟ್ಟಿದರೆ ನಮಗೇನೂ ಆಗುವುದಿಲ್ಲ. ಇದೂ ಹಾಗೆಯೇ. ಕಿರಣ ಹಾದುಹೋಯಿತು, ಅದರ ಪರಿಣಾಮ ಉಳಿಯಿತು, ಕಿರಣ ಉಳಿಯಲಿಲ್ಲ. ಕೋಬಾಲ್ಟ್ ಆಹಾರವನ್ನು ಮುಟ್ಟುವುದೂ ಇಲ್ಲ, ಅದು ಲೋಹದ ಕೊಳವೆಯೊಳಗೆ ಮುಚ್ಚಿರುತ್ತದೆ. ಅದರಿಂದ ಹೊರಡುವ ಗಾಮಾ ಕಿರಣಗಳ ಶಕ್ತಿ ಆಹಾರದ ಪರಮಾಣುಗಳನ್ನು ವಿಕಿರಣಶೀಲ ಮಾಡುವಷ್ಟಿಲ್ಲ. ಯಂತ್ರದಿಂದ ಬರುವ ಕಿರಣಗಳಿಗೂ ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೊಡೆಕ್ಸ್ ಇದೇ ಕಾರಣಕ್ಕೆ ಶಕ್ತಿಯ ಮಿತಿ ಹಾಕಿದೆ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಫಾರ್ವರ್ಡ್‌ಗಳಲ್ಲಿ ಕಲಸಿಹೋಗುತ್ತವೆ. ಒಂದು, ವಿಕಿರಣ ಹಾಯಿಸಿದ ಆಹಾರ. ಇನ್ನೊಂದು, ವಿಕಿರಣಶೀಲ ಧೂಳು ಬಿದ್ದು ಕಲುಷಿತವಾದ ಆಹಾರ. 1986ರ ಚೆರ್ನೋಬಿಲ್ ದುರಂತದ ನಂತರ ಐರ್ಲೆಂಡಿನಿಂದ ಬಂದ ಬೆಣ್ಣೆಯಲ್ಲಿ ವಿಕಿರಣಶೀಲ ಅಂಶವಿದೆ ಎಂಬ ಆತಂಕ ಭಾರತದಲ್ಲೂ ಎದ್ದಿತ್ತು. ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ತಜ್ಞರ ಸಮಿತಿಯ ಪರಿಶೀಲನೆಯ ನಂತರ ಬೆಣ್ಣೆ ಬಳಕೆಗೆ ಸುರಕ್ಷಿತ ಎಂದು 1988ರಲ್ಲಿ ಪ್ರಕರಣ ಮುಗಿಯಿತು. ಅದು ಎರಡನೆಯ ಬಗೆಯ ಪ್ರಶ್ನೆ. ಉಳ್ಳಾಗಡ್ಡಿ, ಬೇಳೆ, ಮಸಾಲೆಗೆ ಘಟಕದಲ್ಲಿ ಕೊಡುವ ವಿಕಿರಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು. ಪೊಟ್ಯಾಸಿಯಂ ಇರುವ ಎಲ್ಲ ಆಹಾರದಲ್ಲೂ ಪೊಟ್ಯಾಸಿಯಂ-40 ಎಂಬ ನೈಸರ್ಗಿಕ ವಿಕಿರಣಶೀಲ ಅಂಶ ಚೂರು ಇರುತ್ತದೆ. ಬಾಳೆಹಣ್ಣಿನಲ್ಲೂ, ತೊಗರಿ ಬೇಳೆಯಲ್ಲೂ ಇದೆ. ನಮ್ಮ ಪೂರ್ವಜರ ಸಾರಿನಲ್ಲೂ ಇತ್ತು.

ಈ ಭಯ ಎಲ್ಲಿಂದ ಬಂತು?

ಭಯ ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಕಲಬುರಗಿಯಿಂದ ಬಹಳ ದೂರವೇನಿಲ್ಲದ ಹೈದರಾಬಾದಿನಲ್ಲಿ ಅದರ ಒಂದು ಬೇರಿದೆ. 1975ರಲ್ಲಿ ಅಲ್ಲಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ತೀವ್ರ ಅಪೌಷ್ಟಿಕತೆಯ 15 ಮಕ್ಕಳನ್ನು ತಲಾ ಐದರಂತೆ ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸಾದಾ ಗೋಧಿ, ಇನ್ನೊಂದಕ್ಕೆ ಆಗಷ್ಟೇ ವಿಕಿರಣ ಕೊಟ್ಟ ಗೋಧಿ, ಮೂರನೆಯದಕ್ಕೆ ವಿಕಿರಣ ಕೊಟ್ಟು ಕೆಲವು ವಾರ ಇಟ್ಟ ಗೋಧಿ. ಎರಡನೆಯ ಗುಂಪಿನ ಮಕ್ಕಳ ರಕ್ತದಲ್ಲಿ ವರ್ಣತಂತುಗಳ ಸಂಖ್ಯೆ ಹೆಚ್ಚಾದ ಕೆಲವು ಕೋಶಗಳು ಕಂಡವು ಎಂದು ಅವರು ಬರೆದರು. ಆ ಗೋಧಿ ನಿಲ್ಲಿಸಿದ ಮೇಲೆ ಅಂಥ ಕೋಶಗಳು ಇಲ್ಲವಾದವು.

ಇದು ದೊಡ್ಡ ಚರ್ಚೆಯಾಯಿತು. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ನಡೆಸಿದ ಪ್ರಯೋಗಗಳಲ್ಲಿ ಅದೇ ಫಲಿತಾಂಶ ಬರಲಿಲ್ಲ. ಸರ್ಕಾರ ಪಿ.ಸಿ. ಕೇಶವನ್ ಮತ್ತು ಪಿ.ವಿ. ಸುಖಾತ್ಮೆ ಅವರನ್ನು ಪರಿಶೀಲನೆಗೆ ನೇಮಿಸಿತು. ಮಕ್ಕಳ ಸಂಖ್ಯೆ ಚಿಕ್ಕದು, ಎಣಿಸಿದ ಕೋಶಗಳೂ ಕಡಿಮೆ, ಆರೋಗ್ಯವಂತರಲ್ಲೂ ಇಂಥ ಕೋಶಗಳು ಒಂದಷ್ಟು ಇರುವುದು ಸಹಜ. ಹೀಗಾಗಿ ಈ ದತ್ತಾಂಶದಿಂದ ಅಪಾಯ ಸಾಬೀತಾಗುವುದಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಅಲ್ಲಿಯವರೆಗಿನ ಅಧ್ಯಯನಗಳನ್ನು ನೋಡಿ, 10 ಕಿಲೋಗ್ರೇವರೆಗಿನ ವಿಕಿರಣದಿಂದ ಆಹಾರದಲ್ಲಿ ವಿಷದ ಅಪಾಯ ಉಂಟಾಗುವುದಿಲ್ಲ ಎಂದಿತು. 1997ರಲ್ಲಿ ಇನ್ನೊಂದು ಜಂಟಿ ಅಧ್ಯಯನ ತಂಡ, ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲೂ ಆಹಾರ ಸುರಕ್ಷಿತವೇ ಎಂದು ಹೇಳಿತು.

ಹಾಗೆಂದು ಆಹಾರದಲ್ಲಿ ಏನೂ ಬದಲಾಗುವುದಿಲ್ಲ ಎನ್ನುವುದೂ ತಪ್ಪು. ಥಯಾಮಿನ್ ಎಂಬ ಬಿ-1 ಜೀವಸತ್ವ, ಸಿ ಜೀವಸತ್ವ ಸ್ವಲ್ಪ ಕಡಿಮೆಯಾಗಬಹುದು. ಬೇಯಿಸಿದಾಗಲೂ ಹೀಗೆ ಆಗುತ್ತದೆ. ಕೊಬ್ಬಿರುವ ಆಹಾರದಲ್ಲಿ ಕೆಲವು ಹೊಸ ರಾಸಾಯನಿಕಗಳು ಅತಿ ಸಣ್ಣ ಪ್ರಮಾಣದಲ್ಲಿ ಹುಟ್ಟುತ್ತವೆ. ಅತಿಯಾದ ವಿಕಿರಣದ ಒಂದು ಕಹಿ ಉದಾಹರಣೆಯೂ ಇದೆ. ಆಸ್ಟ್ರೇಲಿಯಾದಲ್ಲಿ ಭಾರೀ ಪ್ರಮಾಣದ ವಿಕಿರಣ ಕೊಟ್ಟ ಬೆಕ್ಕಿನ ಆಹಾರ ತಿಂದ ಬೆಕ್ಕುಗಳಿಗೆ ನರದೌರ್ಬಲ್ಯ ಬಂದು, 2009ರಲ್ಲಿ ಅಲ್ಲಿ ಬೆಕ್ಕಿನ ಆಹಾರಕ್ಕೆ ವಿಕಿರಣ ಕೊಡುವುದನ್ನು ನಿಲ್ಲಿಸಲಾಯಿತು. ಅಲ್ಲಿ ಬಳಸಿದ್ದು ಬೇಳೆಗೆ ನಮ್ಮಲ್ಲಿರುವ ಮಿತಿಯ ಹತ್ತಾರು ಪಟ್ಟು. ಪ್ರಮಾಣಕ್ಕೆ ಮಿತಿ ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಈ ಆಹಾರ ಎರಡು ಬಾಗಿಲು ದಾಟಿ ಬರಬೇಕು.

ಮೊದಲ ಬಾಗಿಲು ಅಣುಶಕ್ತಿ ಕಾಯ್ದೆಯದು. 1962ರ ಅಣುಶಕ್ತಿ ಕಾಯ್ದೆಯಡಿ 1991ರಲ್ಲಿ ಆಹಾರ ವಿಕಿರಣದ ನಿಯಮಗಳು ಬಂದವು. 1996ರಲ್ಲಿ ಅವು ಪರಿಷ್ಕರಣೆಯಾದವು. ಈಗ ಇರುವುದು 2012ರ ನಿಯಮಗಳು. ಪರವಾನಗಿ ಇಲ್ಲದೆ ಯಾರೂ ಇಂಥ ಘಟಕ ನಡೆಸುವಂತಿಲ್ಲ. ಕೋಬಾಲ್ಟ್ ಸುರಕ್ಷಿತವಾಗಿದೆಯೇ, ಗೋಡೆಗಳು ಸರಿಯಾಗಿವೆಯೇ, ಕೆಲಸಗಾರರಿಗೆ ತರಬೇತಿ ಆಗಿದೆಯೇ ಎಂದು ನೋಡುವುದು ಅಣುಶಕ್ತಿ ನಿಯಂತ್ರಣ ಮಂಡಳಿಯ ಕೆಲಸ.

ಎರಡನೆಯ ಬಾಗಿಲು ಆಹಾರ ಕಾನೂನಿನದು. 1994ರಲ್ಲಿ ಆಗಿನ ಆಹಾರ ಕಲಬೆರಕೆ ತಡೆ ನಿಯಮಗಳಿಗೆ ತಿದ್ದುಪಡಿ ತಂದು ಉಳ್ಳಾಗಡ್ಡಿ, ಆಲೂಗಡ್ಡೆ, ಮಸಾಲೆ ಪದಾರ್ಥಗಳಿಗೆ ದೇಶದೊಳಗಿನ ಮಾರಾಟಕ್ಕಾಗಿ ವಿಕಿರಣ ಕೊಡಲು ಅನುಮತಿ ಸಿಕ್ಕಿತು. 1998 ಮತ್ತು 2001ರಲ್ಲಿ ಪಟ್ಟಿ ಬೆಳೆದು ಅಕ್ಕಿ, ರವೆ, ಗೋಧಿ ಹಿಟ್ಟು, ಮಾವು, ಬೆಳ್ಳುಳ್ಳಿ, ದ್ವಿದಳ ಧಾನ್ಯಗಳು ಸೇರಿದವು. ಈಗ ಇರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರ 22ನೇ ಕಲಮಿನಲ್ಲಿ ವಿಕಿರಣ ಸಂಸ್ಕರಿತ ಆಹಾರದ ಹೆಸರೇ ಇದೆ. ನಿಯಮದಲ್ಲಿ ಅವಕಾಶವಿದ್ದಷ್ಟು ಮಾತ್ರ ತಯಾರಿಸಬಹುದು, ಹಂಚಬಹುದು, ಮಾರಬಹುದು, ಆಮದು ಮಾಡಬಹುದು ಎಂಬುದು ಅದರ ತಾತ್ಪರ್ಯ. ಎಫ್‌ಎಸ್‌ಎಸ್‌ಎಐ 2016ರಲ್ಲಿ ಒಂದೊಂದೇ ಪದಾರ್ಥದ ಪಟ್ಟಿ ಬಿಟ್ಟು ಆಹಾರವನ್ನು ಎಂಟು ವರ್ಗ ಮಾಡಿತು.

ನಮ್ಮ ಅಡುಗೆ ಮನೆಗೆ ಸಂಬಂಧಿಸಿದ ಮಿತಿಗಳು ಹೀಗಿವೆ:

• ಉಳ್ಳಾಗಡ್ಡಿ, ಆಲೂಗಡ್ಡೆಯಂಥ ಗಡ್ಡೆಗಳು, ಮೊಳಕೆ ತಡೆಯಲು: 0.02ರಿಂದ 0.2 ಕಿಲೋಗ್ರೇ
• ಧಾನ್ಯ, ಬೇಳೆಕಾಳು, ಎಣ್ಣೆಕಾಳು, ಹುಳ ತಡೆಯಲು: 0.25ರಿಂದ 1 ಕಿಲೋಗ್ರೇ
• ಅದೇ ಧಾನ್ಯ, ಬೇಳೆಯಲ್ಲಿ ಸೂಕ್ಷ್ಮಜೀವಿ ಕಡಿಮೆ ಮಾಡಲು: 1.5ರಿಂದ 5 ಕಿಲೋಗ್ರೇ
• ಒಣ ಮಸಾಲೆ, ಒಣ ತರಕಾರಿ, ಸೂಕ್ಷ್ಮಜೀವಿ ನಾಶಕ್ಕೆ: 6ರಿಂದ 14 ಕಿಲೋಗ್ರೇ

ವಿಶೇಷ ಅನುಮತಿ ಇಲ್ಲದೆ ಒಮ್ಮೆ ವಿಕಿರಣ ಕೊಟ್ಟ ಆಹಾರಕ್ಕೆ ಮತ್ತೊಮ್ಮೆ ಕೊಡುವಂತಿಲ್ಲ. ಎಷ್ಟು ಪ್ರಮಾಣ, ಯಾವ ಉದ್ದೇಶ ಎಂಬ ಪ್ರಮಾಣಪತ್ರವಿಲ್ಲದೆ ಸರಕು ಘಟಕದಿಂದ ಹೊರಬೀಳುವಂತಿಲ್ಲ. ಮಾರುವಾಗ ಪೊಟ್ಟಣದಲ್ಲೇ ಮಾರಬೇಕು. ಪೊಟ್ಟಣದ ಮೇಲೆ ವಿಕಿರಣದಿಂದ ಸಂಸ್ಕರಿಸಿದ್ದು ಎಂಬ ಮಾತು, ಸಂಸ್ಕರಿಸಿದ ದಿನಾಂಕ, ಪರವಾನಗಿ ಸಂಖ್ಯೆ, ಉದ್ದೇಶ ಮತ್ತು ‘ರಡುರಾ’ ಗುರುತು ಇರಬೇಕು.

ರಡುರಾ ಎಂದರೆ ಒಂದು ವೃತ್ತ. ಅದರ ಮೇಲಿನ ಅರ್ಧ ತುಂಡು ತುಂಡು ಗೆರೆ. ಒಳಗೆ ಎರಡು ಎಲೆ, ಎಲೆಗಳ ಮೇಲೆ ಒಂದು ಚುಕ್ಕೆ. ಸಾಮಾನ್ಯವಾಗಿ ಹಸಿರು ಬಣ್ಣ. ಇದನ್ನು ಸಸ್ಯಾಹಾರದ ಗುರುತಿನೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅದು ಹಸಿರು ಚೌಕದೊಳಗೆ ತುಂಬಿದ ಹಸಿರು ಚುಕ್ಕೆ. ರಡುರಾದಲ್ಲಿ ಎಲೆಗಳಿವೆ, ಚೌಕವಿಲ್ಲ. ಪೊಟ್ಟಣದ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ವಿಕಿರಣದ ಪರವಾನಗಿ ಅಲ್ಲ. ಅದು ಆಹಾರ ವ್ಯಾಪಾರದ ಪರವಾನಗಿ, ಹೆಚ್ಚುಕಡಿಮೆ ಎಲ್ಲ ಪೊಟ್ಟಣಗಳ ಮೇಲೂ ಇರುತ್ತದೆ.

ಇದನ್ನೆಲ್ಲ ಬರೆಯದೆ ಮಾರಿದರೆ ಅದು ತಪ್ಪು ಲೇಬಲ್‌ನ ಆಹಾರ. ಕಾಯ್ದೆಯ 52ನೇ ಕಲಮಿನಂತೆ 3 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಚೀಲ ಬಿಚ್ಚಿದ ಮೇಲೆ ಏನಾಗುತ್ತದೆ?

ಕಾಗದದ ಮೇಲೆ ಈ ಕಾನೂನು ಗಟ್ಟಿಯಾಗಿಯೇ ಇದೆ. ಅದು ಸಡಿಲವಾಗುವುದು ತಕ್ಕಡಿಯ ಮುಂದೆ.

ಆಳಂದ, ಜೇವರ್ಗಿಯಂಥ ಊರುಗಳ ಸಂತೆ, ಕಿರಾಣಿ ಅಂಗಡಿಗಳಲ್ಲಿ ಬೇಳೆ, ಉಳ್ಳಾಗಡ್ಡಿ, ಮೆಣಸಿನಕಾಯಿ ಬಹುಪಾಲು ಚೀಲದಿಂದ ತೂಗಿ ಕೊಡುವ ಮಾಲು. ಗ್ರಾಹಕನಿಗೆ ಸಿಗುವುದು ಕಾಲು ಕಿಲೋ ಬೇಳೆಯ ಕ್ಯಾರಿಬ್ಯಾಗ್, ಲೇಬಲ್ ಅಲ್ಲ. ವಿಕಿರಣ ಸಂಸ್ಕರಿತ ಆಹಾರವನ್ನು ಬಿಡಿಯಾಗಿ ಮಾರುವಂತಿಲ್ಲವಾದ್ದರಿಂದ, ಕಾನೂನಿನ ಲೆಕ್ಕದಲ್ಲಿ ಹೀಗೆ ತೂಗಿ ಕೊಡುವ ಉಳ್ಳಾಗಡ್ಡಿ, ಬೇಳೆ ವಿಕಿರಣ ಕೊಟ್ಟದ್ದಾಗಿರಬಾರದು. ಗುರುತಿರುವ ದೊಡ್ಡ ಚೀಲವನ್ನು ಯಾರಾದರೂ ಬಿಚ್ಚಿ ಸುರಿದು ಮಾರಿದರೆ, ಹೇಳಿ ಮಾರಬೇಕು ಎಂಬ ನಿಯಮ ಅಲ್ಲೇ ಮುರಿದುಬಿತ್ತು. ನೋಡಿ, ಮೂಸಿ, ರುಚಿ ನೋಡಿ ಯಾರೂ ಅದನ್ನು ಕಂಡುಹಿಡಿಯಲಾರರು.

ಪ್ರಯೋಗಾಲಯದಲ್ಲಿ ಮಾತ್ರ ಪತ್ತೆ ಸಾಧ್ಯ. ಉದಾಹರಣೆಗೆ, ಮಸಾಲೆಗೆ ಅಂಟಿರುವ ಮಣ್ಣಿನ ಕಣಗಳು ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಅವನ್ನು ಬೇರ್ಪಡಿಸಿ ಬಿಸಿ ಮಾಡಿದರೆ ಮಂದ ಬೆಳಕು ಬರುತ್ತದೆ. ಆ ಬೆಳಕನ್ನು ಅಳೆದು ಹೇಳುತ್ತಾರೆ. ಇದು ಬೆಂಕಿಕಡ್ಡಿ ಗೀರಿ ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲ.

ಇನ್ನೊಂದು ತೊಡಕು ಭಾಷೆಯದು. ಲೇಬಲ್ ನಿಯಮದ ಪ್ರಕಾರ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಬಹುದು, ಸೇರಿಸಲೇಬೇಕು ಎಂದಿಲ್ಲ. ಕನ್ನಡ ಮಾತ್ರ ಓದಬಲ್ಲವರಿಗೆ ಪೊಟ್ಟಣದ ಮೇಲಿನ ಸಾಲು ಇದ್ದೂ ಇಲ್ಲದಂತೆ. ಉರ್ದು ಮಾತ್ರ ಓದುವವರಿಗೂ ಅಷ್ಟೇ. ತಿಳಿಯುವ ಹಕ್ಕು ಕೊಟ್ಟ ಕಾನೂನು ಅದನ್ನು ಅವರಿಗೆ ಓದಲು ಬಾರದ ಅಕ್ಷರದಲ್ಲಿ ಕೊಟ್ಟಿದೆ. ಅಂಥವರಿಗೆ ಉಳಿಯುವುದು ರಡುರಾ ಚಿತ್ರವೊಂದೇ. ಫಾರ್ವರ್ಡ್ ಮಾಡುವುದಿದ್ದರೆ ಆ ಚಿತ್ರವನ್ನು ಅದರ ಅರ್ಥದ ಜೊತೆ ಕಳಿಸಿ, ಅದು ಉಪಯೋಗಕ್ಕೆ ಬರುತ್ತದೆ.

ಸುಳ್ಳು ಸಂದೇಶ ಬೆಳೆಯುವುದೂ ಇದೇ ಜಾಗದಲ್ಲಿ. ಲೇಬಲ್ ಕಣ್ಣಿಗೆ ಬೀಳದಿದ್ದಾಗ ಜನ ಲಕ್ಷಣ ಹುಡುಕುತ್ತಾರೆ: ಮೊಳಕೆ ಬರಲಿಲ್ಲ, ಹುಳ ಬೀಳಲಿಲ್ಲ, ಬಣ್ಣ ಹೊಳೆಯುತ್ತಿದೆ. ಉಳ್ಳಾಗಡ್ಡಿಗೆ ಕೊಯ್ಲಿನ ನಂತರ ಕೆಲಕಾಲ ಸಹಜ ಸುಪ್ತಾವಸ್ಥೆ ಇರುತ್ತದೆ, ಆಗ ಮೊಳಕೆ ಬರುವುದಿಲ್ಲ. ಇಡೀ ಕಾಳಿಗೆ ಬೀಳುವ ದುಂಬಿ ಒಡೆದ ಬೇಳೆಗೆ ಅಷ್ಟಾಗಿ ಬೀಳುವುದಿಲ್ಲ. ಹುಳ ಇಲ್ಲದ ಬೇಳೆ ಎಂದರೆ ಚೆನ್ನಾಗಿ ಒಣಗಿದ ಬೇಳೆ ಎಂದೂ ಆಗಬಹುದು.

ತೊಗರಿ ರೈತರಿಗೆ ಇದರಲ್ಲಿ ಏನಿದೆ?

ತೊಗರಿ ರಾಶಿಯಾದ ದಿನವೇ ಒಳ್ಳೆಯ ದರ ಸಿಗುವುದು ಅಪರೂಪ. ತಡೆದು ಮಾರೋಣವೆಂದರೆ ದುಂಬಿ ಕಾಯುವುದಿಲ್ಲ. ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟು, ಚೀಲದೊಳಗೆ ಸಂಸಾರ ಬೆಳೆಸುತ್ತದೆ. ವಿಕಿರಣದ ಒಂದು ಗುಣ ಇಲ್ಲಿ ಉಪಯುಕ್ತ: ಕಾಳಿನ ಒಳಗೆ ಅಡಗಿದ ಮೊಟ್ಟೆ, ಮರಿಯನ್ನೂ ಅದು ಮುಟ್ಟುತ್ತದೆ, ಯಾವ ರಾಸಾಯನಿಕವನ್ನೂ ಉಳಿಸುವುದಿಲ್ಲ.

ಆದರೆ ಮೂರು ಮಾತು ನೆನಪಿಡಬೇಕು. ಒಂದು, ವಿಕಿರಣ ಕೊಟ್ಟ ಇಡೀ ತೊಗರಿ ಬಿತ್ತನೆಗೆ ಬಾರದು. ಮೊಳಕೆ ಇಣುಕಿದರೂ ಸಸಿ ಮುಂದೆ ಬೆಳೆಯುವುದಿಲ್ಲ. ಬೀಜಕ್ಕೆ ಇಡುವ ಕಾಳನ್ನು ಬೇರೆಯೇ ಇಡಬೇಕು. ಎರಡು, ಅದು ಮುಂದಿನ ರಕ್ಷಣೆ ಅಲ್ಲ. ಚೀಲ ತೂತಾದರೆ ಹೊಸ ಹುಳ ಹೊರಗಿನಿಂದ ಬರುತ್ತದೆ. ಮೂರು, ಸಾವಯವ ಎಂದು ಪ್ರಮಾಣೀಕರಿಸಿದ ಆಹಾರಕ್ಕೆ ವಿಕಿರಣ ಕೊಡುವಂತಿಲ್ಲ. ಸಾವಯವ ತೊಗರಿ ಮಾರಲು ಹೊರಟವರಿಗೆ ಈ ದಾರಿ ಮುಚ್ಚಿದೆ.

ಇಲ್ಲಿ ಇನ್ನೊಂದು ಗೊಂದಲವೂ ಇದೆ. ಭಾಭಾ ಅಣು ಸಂಶೋಧನಾ ಕೇಂದ್ರ ಬೀಜಕ್ಕೆ ವಿಕಿರಣ ಕೊಟ್ಟು, ಅದರಿಂದ ಬಂದ ಬದಲಾವಣೆಗಳಲ್ಲಿ ಒಳ್ಳೆಯದನ್ನು ಆರಿಸಿ ಹೊಸ ತಳಿಗಳನ್ನು ಬೆಳೆಸಿದೆ. ತೊಗರಿಯಲ್ಲಿ ಟಿಟಿ-401ರಂಥ ತಳಿಗಳು ಹೀಗೆ ಬಂದವು. ಅದು ತಳಿ ಅಭಿವೃದ್ಧಿ. ಹಲವು ತಲೆಮಾರು ಬೆಳೆದು ಬಂದ ಆ ಕಾಳಿಗೆ ರಡುರಾ ಗುರುತೂ ಬೇಕಿಲ್ಲ, ವಿಕಿರಣ ಆಹಾರದ ಕಾನೂನೂ ಅನ್ವಯಿಸುವುದಿಲ್ಲ.

ಘಟಕಗಳು ಎಲ್ಲಿವೆ? ಮಸಾಲೆಗಾಗಿ ನವಿ ಮುಂಬೈನ ವಾಶಿಯಲ್ಲಿ 2000ದಲ್ಲಿ, ಉಳ್ಳಾಗಡ್ಡಿಗಾಗಿ ನಾಶಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ 2002ರಲ್ಲಿ ಘಟಕಗಳು ಶುರುವಾದವು. ಲಾಸಲ್‌ಗಾಂವ್‌ನಲ್ಲಿ ವಿಕಿರಣ ಕೊಟ್ಟ ಮೇಲೆಯೇ 2007ರಲ್ಲಿ ಭಾರತದ ಮಾವಿಗೆ ಅಮೆರಿಕದ ಬಾಗಿಲು ಮತ್ತೆ ತೆರೆಯಿತು. ಕರ್ನಾಟಕದಲ್ಲಿ ಕೋಲಾರ ಜಿಲ್ಲೆಯ ಮಾಲೂರಿನ ಘಟಕವೂ ರಫ್ತಿನ ಮಾವಿಗೆ ಬಳಕೆಯಾಗಿದೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ 50 ಹೊಸ ವಿಕಿರಣ ಘಟಕ ಮತ್ತು 100 ಆಹಾರ ಪರೀಕ್ಷಾ ಪ್ರಯೋಗಾಲಯಗಳಿಗೆ ಒಟ್ಟು 1,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅಂದರೆ ಇಂಥ ಆಹಾರ ಮುಂದೆ ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣಬಹುದು. ಗುರುತು ಓದಲು ಕಲಿಯಲು ಇದೇ ಸಮಯ.

ನಿಜವಾದ ಅಪಾಯ ಕೋಣೆಯ ಮೂಲೆಯಲ್ಲಿರಬಹುದು

ಕಿರಣಕ್ಕೆ ಹೆದರುವ ಮನೆಯಲ್ಲೇ ಕೆಲವೊಮ್ಮೆ ಕಾಳಿನ ಚೀಲದಲ್ಲಿ ‘ಹುಳದ ಗುಳಿಗೆ’ ಇರುತ್ತದೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಹುಳವನ್ನು ಕೊಲ್ಲುವ ಅದೇ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಗುಳಿಗೆ ಇಟ್ಟ ಧಾನ್ಯದ ಪಕ್ಕ ಮಲಗಿದವರು, ಅದರಲ್ಲೂ ಮಕ್ಕಳು, ಸತ್ತ ಘಟನೆಗಳು ದೇಶದ ಹಲವೆಡೆ ವರದಿಯಾಗಿವೆ.

ಇದಕ್ಕೂ ಕಾನೂನಿದೆ. ಸರ್ಕಾರಿ ಸಂಸ್ಥೆಗಳು, ತರಬೇತಿ ಪಡೆದ ಕೀಟನಿಯಂತ್ರಕರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕು. 3 ಗ್ರಾಂ ತೂಕದ 10 ಮತ್ತು 20 ಗುಳಿಗೆಗಳ ಟ್ಯೂಬ್ ಪ್ಯಾಕನ್ನು ಕೇಂದ್ರ ಸರ್ಕಾರ 2001ರಲ್ಲೇ ಪೂರ್ತಿ ನಿಷೇಧಿಸಿದೆ. ಆದ್ದರಿಂದ ನಮ್ಮ ಮನವಿ ನೇರ: ಜನ ಮಲಗುವ ಮನೆಯಲ್ಲಿ ಆ ಗುಳಿಗೆ ಬಳಸಲೇಬೇಡಿ. ಮನೆಯ ಬಳಕೆಗೆ ಚೆನ್ನಾಗಿ ಒಣಗಿಸಿದ ಕಾಳು, ಗಾಳಿಯಾಡದ ಡಬ್ಬಿ ಅಥವಾ ಮೂರು ಪದರದ ಚೀಲ, ಬೇಗ ಬೇಳೆ ಮಾಡಿಸುವುದು, ಬಿತ್ತನೆ ಕಾಳಿಗೆ ಬೂದಿ ಅಥವಾ ಎಣ್ಣೆ ಸವರುವುದು ಸಾಕು. ಹಗೇವಿನಲ್ಲಿ ಜೋಳ ಇಟ್ಟ ಹಿರಿಯರಿಗೆ ಗಾಳಿ ಕಟ್ಟಿದರೆ ಹುಳ ಬದುಕದು ಎಂಬುದು ಗೊತ್ತಿತ್ತು. ಗಾಳಿ ಕಟ್ಟಿದ ಹಗೇವಿಗೆ ಇಳಿದರೆ ಮನುಷ್ಯನೂ ಬದುಕನು ಎಂಬುದೂ ಗೊತ್ತಿತ್ತು.

ಮಸಾಲೆಯ ವಿಷಯದಲ್ಲೂ ಇಂಥದೇ ಹೋಲಿಕೆ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಹಾಂಕಾಂಗ್‌ನ ಆಹಾರ ಸುರಕ್ಷತಾ ಇಲಾಖೆ ಭಾರತದ ಎರಡು ಹೆಸರಾಂತ ಬ್ರ್ಯಾಂಡ್‌ಗಳ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆ ಎಂದು ಪ್ರಕಟಿಸಿತು. ಸೂಕ್ಷ್ಮಜೀವಿ ಕೊಲ್ಲಲು ಬಳಸುವ ಈ ಅನಿಲ ಕ್ಯಾನ್ಸರ್‌ಕಾರಕ. ಅದರ ಬದಲಿಗೆ ಇರುವ ದಾರಿಗಳು ಹಬೆ ಮತ್ತು ವಿಕಿರಣ. ‘ಕ್ಯಾನ್ಸರ್ ಗ್ಯಾರಂಟಿ’ ಎಂದು ಬೈಸಿಕೊಳ್ಳುವ ಕಿರಣ, ಕ್ಯಾನ್ಸರ್ ತರಬಲ್ಲ ಅನಿಲವೊಂದನ್ನು ಬಿಡಿಸುವ ದಾರಿಯೂ ಹೌದು.

ವಿಕಿರಣ ಏನು ಮಾಡಲಾರದು?

ಹೊಗಳಿಕೆಯ ಫಾರ್ವರ್ಡ್‌ಗಳೂ ಬರುತ್ತವೆ, ಅವನ್ನೂ ನಂಬಬೇಡಿ. ಕಾಳಿನ ಮೇಲಿನ ಕೀಟನಾಶಕದ ಉಳಿಕೆಯನ್ನು ತೊಳೆಯಲು ವಿಕಿರಣ ದಾರಿಯಲ್ಲ. ಬೂಷ್ಟು ಆಗಲೇ ಬಿಟ್ಟುಹೋದ ಅಫ್ಲಟಾಕ್ಸಿನ್ ವಿಷ ಬೇಳೆಗೆ, ಶೇಂಗಾಕ್ಕೆ ಕೊಡುವ ಪ್ರಮಾಣದಲ್ಲಿ ಹೋಗುವುದಿಲ್ಲ. ಕೊಳೆತದ್ದು ತಾಜಾ ಆಗುವುದಿಲ್ಲ. ಪೊಟ್ಟಣ ಬಿಚ್ಚಿದ ಮೇಲೆ ಕೊಳೆ ಕೈ ತಗುಲಿದರೆ ಸೂಕ್ಷ್ಮಜೀವಿ ಮತ್ತೆ ಬರುತ್ತದೆ. ಶುಚಿತ್ವಕ್ಕೆ ಇದು ಬದಲಿ ಅಲ್ಲ.

ಬೇರೆ ದೇಶಗಳೂ ಒಂದೇ ತೆರನಾಗಿ ನಡೆದುಕೊಂಡಿಲ್ಲ. ಅಮೆರಿಕ 1963ರಲ್ಲೇ ಗೋಧಿಗೆ ಅನುಮತಿ ಕೊಟ್ಟಿತು. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಿಗೂ ಸಮಾನವಾಗಿ 1999ರಲ್ಲಿ ಒಪ್ಪಿದ ಪಟ್ಟಿಯಲ್ಲಿರುವುದು ಒಣ ಗಿಡಮೂಲಿಕೆ, ಮಸಾಲೆಗಳ ವರ್ಗ ಮಾತ್ರ. ಜಪಾನ್ 1972ರಲ್ಲಿ ಒಪ್ಪಿದ್ದು ಆಲೂಗಡ್ಡೆಯೊಂದಕ್ಕೆ. ಎಲ್ಲೆಲ್ಲಿ ಒಪ್ಪಿದ್ದಾರೋ ಅಲ್ಲೆಲ್ಲ ಪ್ರಮಾಣದ ಮಿತಿ, ಲೇಬಲ್‌ನ ನಿಯಮ ಜೊತೆಗೇ ಬಂದಿವೆ.

ಫಾರ್ವರ್ಡ್ ಮಾಡುವ ಮುನ್ನ

• “ವಿಕಿರಣ ಕೊಟ್ಟ ಆಹಾರ ವಿಕಿರಣಶೀಲ” – ಸುಳ್ಳು.
• “ಮೊಳಕೆ ಬಾರದ ಉಳ್ಳಾಗಡ್ಡಿ, ಹುಳ ಬೀಳದ ಬೇಳೆ ಎಂದರೆ ವಿಕಿರಣ” – ನೋಡಿ ಹೇಳಲು ಸಾಧ್ಯವಿಲ್ಲ.
• “ಹಣ್ಣಿನ ಸ್ಟಿಕ್ಕರ್‌ನ ಸಂಖ್ಯೆ 3ರಿಂದ ಶುರುವಾದರೆ ವಿಕಿರಣ ಕೊಟ್ಟದ್ದು” – ಸುಳ್ಳು. 3 ಅಥವಾ 4ರಿಂದ ಶುರುವಾಗುವ ನಾಲ್ಕು ಅಂಕಿ ಸಾಮಾನ್ಯ ಹಣ್ಣು-ತರಕಾರಿಯ ಗುರುತು. ಆ ಸಂಖ್ಯೆ ವಿಕಿರಣದ ಬಗ್ಗೆ ಏನೂ ಹೇಳುವುದಿಲ್ಲ.
• “ಭಾರತದಲ್ಲಿ ಇದಕ್ಕೆ ಕಾನೂನೇ ಇಲ್ಲ” – ಸುಳ್ಳು. 1991ರಿಂದಲೂ ಇದೆ.
• “ಹೇಳದೆ ಮಾರಬಹುದು” – ಸುಳ್ಳು. ಅದು ದಂಡಕ್ಕೆ ಅರ್ಹ ತಪ್ಪು.

ಅನುಮಾನ ಬಂದರೆ ಗ್ರೂಪಿಗಿಂತ ಮೊದಲು ಆಹಾರ ಸುರಕ್ಷತಾ ಅಧಿಕಾರಿಗೆ ಹೇಳಿ. ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲೂ ದೂರು ಕೊಡಬಹುದು. ಕಾಯ್ದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ಆಹಾರ ನಿಯಮಕ್ಕೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.

ವಿಕಿರಣ ಕೊಟ್ಟ ಬೇಳೆ ಬೇಡ ಎನ್ನುವುದು ನಿಮ್ಮ ಹಕ್ಕು, ಬೇಕು ಎನ್ನುವುದೂ ನಿಮ್ಮ ಹಕ್ಕು. ಆ ಆಯ್ಕೆ ಮಾಡಲು ಭಯ ಬೇಕಿಲ್ಲ, ಮಾಹಿತಿ ಬೇಕು. ಹಾಗಾಗಿ ಮುಂದಿನ ಸಲ ಅಂಗಡಿಯಲ್ಲಿ “ಇದಕ್ಕೆ ರೇಡಿಯೇಷನ್ ಕೊಟ್ಟಿದ್ದಾರಾ?” ಎಂದು ಕೇಳುವ ಬದಲು, “ಈ ಮಾಲಿನ ಚೀಲ ಎಲ್ಲಿ, ಅದರ ಮೇಲೆ ಏನು ಬರೆದಿದೆ ತೋರಿಸಿ” ಎಂದು ಕೇಳಿ. ಉತ್ತರ ಇರುವುದು ಅಲ್ಲಿಯೇ.